ಹೂಗಿಡಗಳ ಕುಟುಂಬಗಳನ್ನು ನೋಡಿದೊಡನೆ ಗುರುತಿಸಲು ಎಲ್ಲಿಂದ ಆರಂಭಿಸಬೇಕು?

ಕೆರೆಯಂಗಳ (ದಾವಣಗೆರೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಪಿಯುಸಿಯ ನಂತರ ಸಸ್ಯಶಾಸ್ತ್ರವನ್ನು ಓದಿದವಳಲ್ಲ. ನಮ್ಮೂರಿನ ಕೆರೆಯ ಏರಿಯ ಮೇಲೂ ಅದರಾಚೆಯ ಕುರುಚಲು ಗುಡ್ಡದಲ್ಲೂ ಬೆಳಿಗ್ಗೆ ನಡೆದಾಡುವ ರೂಢಿ ಇರುವುದರಿಂದ, ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಹೂಬಿಡುವ ಬಗೆಬಗೆಯ ಗಿಡಗಳನ್ನು ಗುರುತಿಸಬೇಕೆಂಬ ಆಸೆ ಮೂಡಿದೆ. ಮೊಬೈಲಿನ ಆ್ಯಪ್‌ಗೆ ಚಿತ್ರ ಕೊಟ್ಟರೆ ಒಂದು ಹೆಸರು ಬರುತ್ತದೆ, ಆದರೆ ಆ ಹೆಸರು ಮನಸ್ಸಿನಲ್ಲಿ ನಿಲ್ಲುವುದಿಲ್ಲ; ಅದೇ ಗಿಡ ಮತ್ತೊಂದು ಕಡೆ ತುಸು ಬೇರೆ ಬಣ್ಣದಲ್ಲಿ ಕಂಡರೆ ಪುನಃ ಮೊದಲಿನಿಂದ ಹುಡುಕಬೇಕಾಗುತ್ತದೆ. ಪರಿಚಿತರೊಬ್ಬರು ‘ಜಾತಿಯ ಹೆಸರನ್ನು ಆಮೇಲೆ ನೋಡಿಕೊಳ್ಳಿ, ಮೊದಲು ಕುಟುಂಬವನ್ನು ಗುರುತಿಸಲು ಕಲಿಯಿರಿ’ ಎಂದರು. ಮಾತು ಸರಿಯೆನಿಸಿತು, ಆದರೆ ಹೇಗೆ ಎಂಬುದು ತಿಳಿಯಲಿಲ್ಲ.

ಅಂತರ್ಜಾಲದಲ್ಲಿ ಸಿಗುವ ಪರಿಚಯ ಲೇಖನಗಳು ಹೆಚ್ಚಾಗಿ ಇಂಗ್ಲೆಂಡ್, ಅಮೆರಿಕಗಳ ಹುಲ್ಲುಗಾವಲಿನ ಗಿಡಗಳನ್ನೇ ಉದಾಹರಣೆಯಾಗಿ ಕೊಡುತ್ತವೆ. ನಾನು ಕಣ್ಣಿಂದ ನೋಡಿರದ ಗಿಡದ ಮೂಲಕ ನೋಡುತ್ತಿರುವ ಗಿಡವನ್ನು ತಿಳಿಯುವುದು ಕಷ್ಟ. ಆದ್ದರಿಂದ ನಮ್ಮ ಕಡೆಯ ಗಿಡಗಳನ್ನಿಟ್ಟುಕೊಂಡು ಯಾವ ಕುಟುಂಬಗಳಿಂದ ಆರಂಭಿಸಬೇಕು, ಗಿಡದಲ್ಲಿ ಏನನ್ನು ಯಾವ ಕ್ರಮದಲ್ಲಿ ನೋಡಬೇಕು, ಇದಕ್ಕೆ ಉಪಕರಣವೇನಾದರೂ ಬೇಕೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ. ಇನ್ನೊಂದು ಸಂದೇಹ: ಒಂದೇ ಗಿಡಕ್ಕೆ ಒಂದು ಪುಸ್ತಕದಲ್ಲಿ ಒಂದು ಕುಟುಂಬ, ಮತ್ತೊಂದರಲ್ಲಿ ಬೇರೆಯ ಕುಟುಂಬ ಇರುವುದೇಕೆ?

---

ಗುಡ್ಡದ ದಾರಿ (ಧಾರವಾಡ)

ಮೇಡಂ, ನಿಮ್ಮ ಪರಿಚಿತರು ಹೇಳಿದ್ದು ಸರಿಯಾಗಿದೆ. ಪ್ರಪಂಚದಲ್ಲಿ ಹೂಬಿಡುವ ಸಸ್ಯಗಳ ಜಾತಿಗಳು ಸುಮಾರು 3 ಲಕ್ಷದಷ್ಟಿವೆ; ಕುಟುಂಬಗಳು ನಾಲ್ಕುನೂರರ ಆಸುಪಾಸಿನಲ್ಲಿವೆ; ಅವುಗಳಲ್ಲಿ ಬಯಲುಸೀಮೆಯ ಕೆರೆ ಏರಿಯ ಮೇಲೆ ದಿನವೂ ಎದುರಾಗುವುದು ಹತ್ತು ಹನ್ನೆರಡು ಮಾತ್ರ. ಆ ಹತ್ತು ಹನ್ನೆರಡು ಕೈಗೆ ಹತ್ತಿದರೆ ಅಪರಿಚಿತ ಗಿಡದ ಮುಂದೆ ನಿಂತಾಗ ಹುಡುಕಾಟದ ಬಹುಪಾಲು ಅಲ್ಲೇ ಮುಗಿದಿರುತ್ತದೆ. ನಾನು ಕಾಲೇಜಿನಲ್ಲಿ ಈ ವಿಷಯವನ್ನು ಕಲಿಸಿ ನಿವೃತ್ತನಾದವನು. ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದನ್ನೇ ಇಲ್ಲಿ ಬರೆಯುತ್ತೇನೆ.

ಗುಡ್ಡದ ಹೂವಿನಿಂದ ಆರಂಭಿಸಬೇಡಿ. ಹೆಸರಿನಿಂದ ಮೊದಲೇ ಬಲ್ಲ ಗಿಡಗಳಿಂದ, ಅಂದರೆ ಹಿತ್ತಲಿನ ತರಕಾರಿ, ಪೂಜೆಯ ಹೂವು, ಹೊಲದ ಬೆಳೆಗಳಿಂದ ಆರಂಭಿಸಿ. ಗಿಡದ ಹೆಸರು ಯಾವುದೆಂಬ ಗೊಂದಲ ಇಲ್ಲದಿದ್ದಾಗ ಗಮನವೆಲ್ಲ ರಚನೆಯ ಕಡೆಗೆ ಹರಿಯುತ್ತದೆ.

ಮೊದಲ ಪಾಠಕ್ಕೆ ದಾಸವಾಳಕ್ಕಿಂತ ಉತ್ತಮವಾದ ಹೂವಿಲ್ಲ. ಐದೇ ದಳಗಳಿರುವ ಒಂಟಿಸುತ್ತಿನ ಕೆಂಪು ದಾಸವಾಳವನ್ನೇ ಆರಿಸಿಕೊಳ್ಳಿ, ಏಕೆಂದರೆ ಮುದ್ದೆಯಂತಿರುವ ಬಹುದಳದ ತಳಿಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟು ಮೂಲ ರಚನೆ ಮರೆಯಾಗಿರುತ್ತದೆ. ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ, ನಡುವೆ ಹೊರಚಾಚಿರುವ ಕಡ್ಡಿಯು ಟೊಳ್ಳಾದ ಕೊಳವೆಯೆಂದೂ, ಹತ್ತಾರು ಕೇಸರಗಳ ಎಳೆಗಳು ಒಂದಕ್ಕೊಂದು ಕೂಡಿಕೊಂಡು ಆ ಕೊಳವೆಯಾಗಿದೆಯೆಂದೂ, ಅದರ ಒಳಗಿನಿಂದಲೇ ಶಲಾಕೆಯು (ಅಂಡಾಶಯದಿಂದ ಏಳುವ ದಂಟು) ಮೇಲೆ ಹೋಗಿ ಐದು ಪುಟ್ಟ ಗುಂಡಿಗಳಾಗಿ ಕೊನೆಗೊಳ್ಳುತ್ತದೆಯೆಂದೂ ಕಾಣುತ್ತದೆ. ಇನ್ನು ಹೂವನ್ನು ಮಗುಚಿ ನೋಡಿ. ಹಸಿರು ಪುಷ್ಪಪಾತ್ರೆಯ (ದಳಗಳ ಹೊರಗಿನ, ಮೊಗ್ಗನ್ನು ಮುಚ್ಚಿರುವ ಸುತ್ತು) ಹೊರಗೆ ಕಿರಿದಾದ ಎಸಳುಗಳ ಇನ್ನೊಂದು ಸುತ್ತು ಇರುತ್ತದೆ. ಎಲೆಯನ್ನು ಜಜ್ಜಿದರೆ ಲೋಳೆ ಬರುತ್ತದೆ. ಇಷ್ಟನ್ನು ನೋಡಿಕೊಂಡು ಬೆಂಡೆಯ ಹೂವನ್ನೂ ಹತ್ತಿಯ ಹೂವನ್ನೂ ತಂದು ಪಕ್ಕದಲ್ಲಿಡಿ. ಬಣ್ಣ ಬೇರೆಯಾದರೂ ಕೊಳವೆ ಅದೇ, ಲೋಳೆ ಅದೇ. ಹತ್ತಿಯಲ್ಲಿ ಹೊರಸುತ್ತಿನ ಎಸಳುಗಳು ಮೂರೇ ಇದ್ದು ಅಗಲವಾಗಿ, ಅಂಚಿನಲ್ಲಿ ಹರಿದಂತಿರುತ್ತವೆ. ಇದು ಮಾಲ್ವೇಸಿ ಕುಟುಂಬ.

ಈಗ ಕೆರೆ ಏರಿಗೆ ಹೋಗಿ. ಹಳದಿ ಹೂವಿನ, ಚಕ್ರದಂಥ ಕಾಯಿಯ ಶ್ರೀಮುದ್ರೆ ಗಿಡ ನಿಮ್ಮ ಕಡೆ ಖಂಡಿತ ಇರುತ್ತದೆ. ಆ ಕಾಯಿಯಿಂದ ಮಕ್ಕಳು ಮುದ್ರೆ ಒತ್ತಿ ಆಡುತ್ತಾರೆ. ಅದರಲ್ಲಿ ಕೇಸರಗಳ ಕೊಳವೆ ಇದೆ, ಆದರೆ ಪುಷ್ಪಪಾತ್ರೆಯ ಹೊರಗಿನ ಆ ಹೆಚ್ಚುವರಿ ಸುತ್ತು ಇಲ್ಲ. ಹಾಗಿದ್ದರೂ ಅದು ಮಾಲ್ವೇಸಿಯದೇ. ಕುಟುಂಬವನ್ನು ಯಾವುದೋ ಒಂದು ಗುರುತು ತೀರ್ಮಾನಿಸುವುದಿಲ್ಲ. ಎರಡು ಮೂರು ಗುರುತುಗಳು ಒಂದೇ ಕಡೆಗೆ ಬೆರಳು ಮಾಡಿದಾಗ ಮಾತ್ರ ಹೆಸರು ಹೇಳಬೇಕು. ಶ್ರೀಮುದ್ರೆಯನ್ನು ಎರಡನೆಯ ದಿನವೇ ತೋರಿಸುವ ಪರಿಪಾಠ ಇಟ್ಟುಕೊಂಡಿದ್ದು ಈ ಕಾರಣಕ್ಕಾಗಿಯೇ.

ಎರಡನೆಯದು ದ್ವಿದಳ ಧಾನ್ಯಗಳ ಕುಟುಂಬವಾದ ಫ್ಯಾಬೇಸಿ. ಅವರೆಯ ಹೂವನ್ನು ನಿಧಾನವಾಗಿ ಬಿಡಿಸಿದರೆ ಹಿಂದೆ ನಿಂತ ಅಗಲವಾದ ಒಂದು ದಳ, ಇಕ್ಕೆಲಗಳಲ್ಲಿ ರೆಕ್ಕೆಯಂತಹ ಎರಡು, ಅವುಗಳ ನಡುವೆ ಅಂಚು ಕೂಡಿ ದೋಣಿಯಾಕಾರ ತಳೆದ ಎರಡು ಸಿಗುತ್ತವೆ. ಆ ದೋಣಿಯನ್ನು ಬಿಡಿಸಿದರೆ ಹತ್ತು ಕೇಸರಗಳು, ಒಂಬತ್ತು ಒಂದುಗೂಡಿ, ಒಂದು ಬಿಡಿಯಾಗಿ ನಿಂತಿರುತ್ತವೆ. ತೊಗರಿ, ಹೊಂಗೆ, ಮುತ್ತುಗ ಇವೆಲ್ಲ ಇದೇ ವಿನ್ಯಾಸದವು. ಆದರೆ ಕಕ್ಕೆಯ ಹೂವಿನಲ್ಲಿ ಈ ಪತಂಗದ ಆಕಾರ ಇಲ್ಲ. ಜಾಲಿ, ಮುಟ್ಟಿದರೆ ಮುನಿ, ಮಳೆಮರಗಳಲ್ಲಂತೂ ದಳಗಳು ಕಣ್ಣಿಗೆ ಬೀಳದಷ್ಟು ಚಿಕ್ಕವಾಗಿದ್ದು, ನಾವು ಹೂವೆಂದು ಮೆಚ್ಚುವುದು ಕೇಸರಗಳ ಕುಚ್ಚನ್ನು. ಹಾಗಾದರೆ ಇವು ಒಂದೇ ಕುಟುಂಬದವೆಂದು ತಿಳಿಯುವುದು ಹೇಗೆ? ಕಾಯಿಯನ್ನು ನೋಡಿ, ಎಲೆಯನ್ನೂ ನೋಡಿ. ಒಂದೇ ಕೋಣೆಯ, ಒಂದೇ ಅಂಚಿಗೆ ಬೀಜಗಳು ಅಂಟಿಕೊಂಡಿರುವ ಕೋಡು, ಬಹುತೇಕ ಬಿಡಿಬಿಡಿಯಾದ ಕಿರುಎಲೆಗಳು, ಎಲೆತೊಟ್ಟಿನ ಬುಡದಲ್ಲಿ ಉಬ್ಬಿದ ಗಂಟು, ಇವು ಮೂರೂ ಜೊತೆಗಿರುತ್ತವೆ. ಮುಟ್ಟಿದರೆ ಮುನಿಯ ಎಲೆ ಮುದುಡುವುದೂ ಮಳೆಮರದ ಎಲೆಗಳು ಸಂಜೆಗೆ ಮಡಚಿಕೊಳ್ಳುವುದೂ ಅಂಥ ಗಂಟುಗಳಲ್ಲಿ ನೀರಿನ ಒತ್ತಡ ಏರಿಳಿಯುವುದರಿಂದ. ಬೇಳೆಯ ಗಿಡಗಳಿಂದ ಗುಲ್‌ಮೊಹರಿನವರೆಗೆ ಈ ಕುಟುಂಬದ ವಿಸ್ತಾರ ದೊಡ್ಡದು, ಆದ್ದರಿಂದ ಇದಕ್ಕೆ ಹೆಚ್ಚು ಸಮಯ ಕೊಡಿ.

ಮೂರನೆಯದು ಆಸ್ಟರೇಸಿ. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳಲ್ಲಿ ನಾವು ಒಂದು ಹೂವೆನ್ನುವುದು ನಿಜವಾಗಿ ನೂರಾರು ಹೂಗಳ ಗುಂಪು. ಚೆಂಡುಹೂವಿನ ಒಂದು ‘ಎಸಳನ್ನು’ ಬುಡಸಮೇತ ಎಳೆದು ತೆಗೆಯಿರಿ. ಕೆಳತುದಿಯಲ್ಲಿ ಕಡ್ಡಿಯಂತಹ ಪುಟ್ಟ ಭಾಗವಿದೆಯಲ್ಲ, ಅದು ಅಂಡಾಶಯ, ಬಲಿತ ಮೇಲೆ ನಾವು ಬಿತ್ತುವ ಕಪ್ಪು ಬೀಜ ಅದೇ. ಸೂರ್ಯಕಾಂತಿಯ ನಡುತಟ್ಟೆಯಿಂದ ಒಂದು ಕಿರುಹೂವನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಿದರೆ ಐದು ಹಲ್ಲುಗಳ ಹಳದಿ ಕೊಳವೆ, ಅದರೊಳಗೆ ಪರಾಗಕೋಶಗಳು ಅಂಟಿಕೊಂಡು ಆದ ಕಂದು ಕೊಳವೆ, ಅದರ ಬಾಯಿಂದ ಎರಡು ಕವಲಾಗಿ ಸುರುಳಿ ಸುತ್ತಿ ಹೊರಬರುವ ಶಲಾಕಾಗ್ರ ಕಾಣುತ್ತವೆ. ತಟ್ಟೆಯಲ್ಲಿ ಹೂಗಳು ಹೊರ ಅಂಚಿನಿಂದ ನಡುವಿನ ಕಡೆಗೆ ಸುತ್ತುಸುತ್ತಾಗಿ ಅರಳುತ್ತವೆ. ಅರಳಿದ ಸುತ್ತು, ಅರಳುತ್ತಿರುವ ಸುತ್ತು, ಮೊಗ್ಗಿನ ಸುತ್ತು ಮೂರನ್ನೂ ಒಟ್ಟಿಗೆ ನೋಡಬಹುದು. ಹೊಲದ ಹುಚ್ಚೆಳ್ಳು, ಗದ್ದೆಬದುವಿನ ಗರುಗ, ಎಲ್ಲೆಂದರಲ್ಲಿ ಹಬ್ಬಿರುವ ಕಾಂಗ್ರೆಸ್ ಗಿಡ ಇದೇ ಕುಟುಂಬದವು. ಕಾಂಗ್ರೆಸ್ ಗಿಡವನ್ನು ಮಾತ್ರ ಬರಿಗೈಯಲ್ಲಿ ಹಿಡಿದು ಪರೀಕ್ಷಿಸಬೇಡಿ. ಹಲವರಿಗೆ ಅದರಿಂದ ಚರ್ಮದ ಅಲರ್ಜಿಯಾಗುತ್ತದೆ.

ಉಳಿದವು ಬೇಗ ಬರುತ್ತವೆ. ಸಾಸಿವೆ, ಮೂಲಂಗಿಯ ನಾಲ್ಕು ದಳ ಮತ್ತು ನಾಲ್ಕು ಉದ್ದ, ಎರಡು ಗಿಡ್ಡ ಕೇಸರಗಳು ಬ್ರಾಸಿಕೇಸಿಗೆ. ಕೊತ್ತಂಬರಿ, ಸಬ್ಬಸಿಗೆಗಳ ಕೊಡೆಯಾಕಾರದ ಹೂಗೊಂಚಲು ಏಪಿಯೇಸಿಗೆ. ಕುಡಿಬಳ್ಳಿ, ಬೇರೆಬೇರೆಯಾದ ಗಂಡು ಹೆಣ್ಣು ಹೂಗಳು, ಹೆಣ್ಣು ಹೂವಿನ ಕೆಳಗೇ ಕಾಣುವ ಹೀಚು ಕುಕುರ್ಬಿಟೇಸಿಗೆ. ಬದನೆ, ಮೆಣಸಿನಕಾಯಿಗಳ ಸೋಲನೇಸಿಯಲ್ಲಿ ಪುಷ್ಪಪಾತ್ರೆ ಉದುರದೆ ಕಾಯಿಯ ತಲೆಯ ಮೇಲೆ ಉಳಿಯುತ್ತದೆ; ಬುಡ್ಡೆ ಹಣ್ಣಿನಲ್ಲಿ ಅದೇ ಉಬ್ಬಿ ಹಣ್ಣನ್ನು ಸಂಪೂರ್ಣ ಮುಚ್ಚುತ್ತದೆ.

ನೋಡುವ ಕ್ರಮ ಇಷ್ಟು: ಮೊದಲು ಎಲೆಗಳು ಎದುರುಬದುರಾಗಿ ಜೋಡಿಯಾಗಿವೆಯೇ, ಒಂದರ ಮೇಲೊಂದು ಬದಲಾಗಿ ಬಂದಿವೆಯೇ ಎಂಬುದು, ಆನಂತರ ದಳಗಳ ಸಂಖ್ಯೆ, ಅವು ಬಿಡಿಯೋ ಕೂಡಿಕೊಂಡಿವೆಯೋ ಎಂಬುದು, ಆಮೇಲೆ ಕೇಸರಗಳು, ಕೊನೆಗೆ ಅಂಡಾಶಯವು ದಳಗಳ ಬುಡಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದು. ಬಣ್ಣವನ್ನು ಬರೆದಿಟ್ಟುಕೊಳ್ಳಿ, ಆದರೆ ಕುಟುಂಬದ ತೀರ್ಮಾನಕ್ಕೆ ಅದನ್ನು ತರಬೇಡಿ. ಉಪಕರಣವೆಂದರೆ 10 ಪಟ್ಟು ಹಿಗ್ಗಿಸಿ ತೋರಿಸುವ ಮಡಚುವ ಮಸೂರವೊಂದು ಸಾಕು. ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಹೂವನ್ನು ಅದರ ಬಳಿಗೆ ತರಬೇಕು.

---

ಕೇಪುಳ (ಪುತ್ತೂರು)

ಮೇಲಿನ ಸರ್ ಬರೆದುದನ್ನು ಒಪ್ಪುತ್ತೇನೆ, ಆದರೆ ಒಂದು ತಕರಾರಿದೆ. ಹೂವನ್ನೇ ನಂಬಿದರೆ ವರ್ಷದ ಬಹುಕಾಲ ಸುಮ್ಮನಿರಬೇಕಾಗುತ್ತದೆ. ಮರಗಳ ವಿಷಯದಲ್ಲಂತೂ ಹೂವು ಬಿಟ್ಟರೂ ಅದು ನಮ್ಮ ಕೈಗೆಟುಕದ ಎತ್ತರದಲ್ಲಿರುತ್ತದೆ. ಸಸಿಗಳನ್ನು ಬೆಳೆಸುವ ಕೆಲಸದಲ್ಲಿರುವ ನಾನು ಹೂವನ್ನು ನೋಡುವುದು ಅಪರೂಪ, ಎಲೆ ಮತ್ತು ಗೆಣ್ಣುಗಳನ್ನು ನೋಡಿಯೇ ಕುಟುಂಬ ಹೇಳಬೇಕಾಗುತ್ತದೆ. ಅದು ಕಷ್ಟವೇನಲ್ಲ.

ನನ್ನ ಇಲ್ಲಿನ ಹೆಸರಿನ ಗಿಡವನ್ನೇ ತೆಗೆದುಕೊಳ್ಳಿ. ಕೇಪುಳದ ಒಂದು ರೆಂಬೆಯಲ್ಲಿ ಎಲೆಗಳು ಎದುರುಬದುರಾಗಿರುತ್ತವೆ, ಅಂಚಿನಲ್ಲಿ ಹಲ್ಲುಗಳಿರುವುದಿಲ್ಲ. ಈ ಎರಡು ಗುರುತು ಬೇರೆ ಎಷ್ಟೋ ಗಿಡಗಳಲ್ಲೂ ಇವೆ. ಆದರೆ ಎದುರುಬದುರಾದ ಎರಡು ಎಲೆತೊಟ್ಟುಗಳ ನಡುವಿನ ಜಾಗದಲ್ಲಿ, ಕಾಂಡದ ಮೇಲೆ, ಮೊನಚು ತುದಿಯ ತ್ರಿಕೋನಾಕಾರದ ಪುಟ್ಟ ಪೊರೆಯೊಂದಿರುತ್ತದೆ. ಅದು ಎಲೆತೊಟ್ಟಿಗೆ ಸೇರಿಕೊಂಡಿರದೆ ಎರಡು ತೊಟ್ಟುಗಳಿಗೆ ಸೇತುವೆಯಾಗಿ ನಿಂತಿರುವುದೇ ವಿಶೇಷ. ಕಾಫಿ ಗಿಡದ ಕುಡಿಯಲ್ಲೂ ಇದೇ ಇದೆ, ಕದಂಬದಲ್ಲೂ ಇದೆ. ಎದುರುಬದುರು ಎಲೆ, ನೇರ ಅಂಚು, ನಡುವೆ ಪೊರೆ, ಈ ಮೂರೂ ಕೂಡಿದರೆ ರೂಬಿಯೇಸಿ ಎನ್ನಲು ನಾನು ಹೂವಿಗಾಗಿ ಕಾಯುವುದಿಲ್ಲ. ಬಲಿತ ಗೆಣ್ಣುಗಳಲ್ಲಿ ಪೊರೆ ಉದುರಿ ಬರಿಯ ಗೆರೆ ಉಳಿದಿರಬಹುದಾದ್ದರಿಂದ ಯಾವಾಗಲೂ ತುದಿಯ ಎಳೆಯ ಗೆಣ್ಣುಗಳನ್ನು ನೋಡಿ.

ಇನ್ನೊಂದು, ಎಲೆಯನ್ನು ಬಿಸಿಲಿಗೆ ಹಿಡಿದು ನೋಡುವುದು. ನಿಂಬೆ, ಕರಿಬೇವು, ಬಿಲ್ವಗಳ ಎಲೆಯಲ್ಲಿ ಬೆಳಕು ತೂರಿಬರುವ ಸೂಕ್ಷ್ಮ ಚುಕ್ಕೆಗಳು ಕಾಣುತ್ತವೆ. ಅವು ಸುವಾಸನೆಯ ಎಣ್ಣೆಯ ಚೀಲಗಳು. ಇದು ರೂಟೇಸಿ. ಆದರೆ ನೇರಳೆ, ಪೇರಲೆ, ನೀಲಗಿರಿಗಳಿರುವ ಮಿರ್ಟೇಸಿಯಲ್ಲೂ ಇಂತಹ ಚುಕ್ಕೆಗಳಿವೆ. ಬೇರ್ಪಡಿಸುವುದು ಹೀಗೆ: ನೇರಳೆ, ಪೇರಲೆಗಳಲ್ಲಿ ಬಿಡಿ ಎಲೆಗಳು ಎದುರುಬದುರಾಗಿದ್ದು, ನೇರಳೆಯ ಎಲೆಯ ಅಂಚಿನ ಒಳಗಡೆ ಅಂಚಿಗೆ ಸಮನಾಗಿ ಒಂದು ನರ ಓಡುತ್ತದೆ, ಕರಿಬೇವು, ಬಿಲ್ವಗಳಲ್ಲಿ ಎಲೆಗಳು ಬದಲಾಗಿ ಬರುತ್ತವೆ, ಕಿರುಎಲೆಗಳಾಗಿ ಒಡೆದಿರುತ್ತವೆ. ನಿಂಬೆ ಒಂಟಿ ಎಲೆಯಂತೆ ಕಂಡರೂ ಎಲೆಹಾಳೆ ತೊಟ್ಟನ್ನು ಸೇರುವಲ್ಲಿ ಒಂದು ಕೀಲು ಇದೆ, ಬಾಗಿಸಿದರೆ ಅಲ್ಲೇ ಮುರಿಯುತ್ತದೆ. ಹಲವು ಕಿರುಎಲೆಗಳಲ್ಲಿ ಒಂದೇ ಉಳಿದುಕೊಂಡದ್ದರ ಕುರುಹು ಅದು.

ಹಾಲು ಬರುವ ಗಿಡಗಳ ಬಗ್ಗೆ ಎಚ್ಚರದಿಂದಿರಿ, ಎರಡು ಕಾರಣಕ್ಕೆ. ಒಂದು, ಹಾಲು ಒಂದೇ ಕುಟುಂಬದ ಗುರುತಲ್ಲ. ಎಕ್ಕ, ನಂದಿಬಟ್ಟಲು, ದೇವಕಣಗಿಲೆಗಳಲ್ಲಿ ಹಾಲು ಬಂದರೆ ಅಪೊಸೈನೇಸಿ. ಹಲಸು, ಆಲ, ಅತ್ತಿಗಳಲ್ಲಿ ಬಂದರೆ ಮೊರೇಸಿ. ಕಳ್ಳಿಯಲ್ಲಿ ಬಂದರೆ ಯೂಫೋರ್ಬಿಯೇಸಿ. ಸಪೋಟ, ರೆಂಜೆಯಲ್ಲಿ ಬಂದರೆ ಸಪೋಟೇಸಿ. ಇತ್ತ ಅಪೊಸೈನೇಸಿಯದೇ ಆದ ಕಣಗಿಲೆ, ನಿತ್ಯಪುಷ್ಪಗಳನ್ನು ಮುರಿದರೆ ಎಕ್ಕದಂತೆ ದಪ್ಪ ಬಿಳಿ ಹಾಲು ಸುರಿಯುವುದಿಲ್ಲ. ಅಲ್ಲಿ ಮೊಗ್ಗನ್ನು ನೋಡಬೇಕು. ದಳಗಳು ಒಂದರ ಅಂಚಿನ ಮೇಲೊಂದು ಬರುವಂತೆ ಒಂದೇ ದಿಕ್ಕಿಗೆ ತಿರುಚಿಕೊಂಡಿರುತ್ತವೆ, ಅರಳಿದ ಮೇಲೂ ಗಾಳಿಗಿರಕಿಯ ಓರೆ ಉಳಿಯುತ್ತದೆ. ಕಾಯಿಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಎರಡನೆಯ ಕಾರಣ, ಎಕ್ಕದ ಹಾಲಾಗಲಿ ಕಳ್ಳಿಯ ಹಾಲಾಗಲಿ ಕಣ್ಣಿಗೆ ತಾಗಿದರೆ ಅಪಾಯ. ಕಣಗಿಲೆಯಂತೂ ಇಡೀ ಗಿಡವೇ ವಿಷ. ಮುರಿದು ನೋಡಿದ ಕೈಯನ್ನು ತೊಳೆಯದೆ ಮುಖ ಮುಟ್ಟಬಾರದು. ಗಿಡ ಯಾವುದೆಂದು ಖಚಿತವಾಗುವ ಮೊದಲು ಎಲೆಯನ್ನು ಮೂಸಬಹುದು, ಕಚ್ಚಿ ರುಚಿ ನೋಡಬಾರದು.

ನೀವು ಎಂದಾದರೂ ಮಲೆನಾಡಿನ ಕಡೆಗೆ ಬಂದರೆ ನೆಕ್ಕರಿಕದ ಎಲೆಯನ್ನು ನೋಡಿ. ಬುಡದಿಂದ ಹೊರಟ ನಾಲ್ಕೈದು ನರಗಳು ತುದಿಯವರೆಗೆ ಬಾಗಿ ಹೋಗಿ ಪುನಃ ಕೂಡುತ್ತವೆ, ಅವುಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ಅಡ್ಡನರಗಳು. ಮೆಲಾಸ್ಟೊಮೇಸಿಯನ್ನು ಒಮ್ಮೆ ಹೀಗೆ ಕಂಡವರು ಮರೆಯುವುದಿಲ್ಲ.

---

ಒಣಹಾಳೆ (ಬೆಂಗಳೂರು)

ಕುಟುಂಬದ ಹೆಸರು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುವುದರ ಬಗ್ಗೆ ಇನ್ನೂ ಯಾರೂ ಬರೆದಿಲ್ಲವಾದ್ದರಿಂದ ಅಷ್ಟಕ್ಕೆ ಮಾತ್ರ ಉತ್ತರಿಸುತ್ತೇನೆ.

ಇದರಲ್ಲಿ ಎರಡು ಬಗೆ ಇದೆ. ಮೊದಲನೆಯದು ಬರಿಯ ಹೆಸರಿನದು. ಲೆಗ್ಯುಮಿನೋಸಿ ಎಂದರೂ ಫ್ಯಾಬೇಸಿ ಎಂದರೂ ಒಂದೇ. ಹಾಗೆಯೇ ಕಾಂಪೊಸಿಟೆ ಮತ್ತು ಆಸ್ಟರೇಸಿ, ಲೇಬಿಯೇಟೆ ಮತ್ತು ಲೇಮಿಯೇಸಿ, ಕ್ರೂಸಿಫೆರೆ ಮತ್ತು ಬ್ರಾಸಿಕೇಸಿ. ಇಂತಹ ಎಂಟು ಕುಟುಂಬಗಳಿಗೆ ಹಳೆಯ ಮತ್ತು ಹೊಸ ಎರಡೂ ಹೆಸರುಗಳನ್ನು ಸಸ್ಯನಾಮಕರಣದ ಅಂತರರಾಷ್ಟ್ರೀಯ ನಿಯಮಗಳೇ ಒಪ್ಪಿವೆ.

ಎರಡನೆಯದು ನಿಜವಾದ ಬದಲಾವಣೆ. ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದ ಕಲಿಸುತ್ತ ಬಂದ ಬೆಂಥಮ್ ಮತ್ತು ಹೂಕರ್ ಅವರ ವಿಂಗಡಣೆ 1862ರಿಂದ 1883ರ ನಡುವೆ ಪ್ರಕಟವಾದದ್ದು. ಅದು ಹೊರಗೆ ಕಾಣುವ ಹೋಲಿಕೆಗಳ ಮೇಲೆ ನಿಂತಿದೆ. 1998ರಿಂದ ಈಚೆಗೆ ಡಿಎನ್ಎ ಆಧಾರದಲ್ಲಿ ರೂಪುಗೊಂಡ ಎಪಿಜಿ (ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್ ಎಂಬ ಸಸ್ಯತಜ್ಞರ ಗುಂಪು) ವಿಂಗಡಣೆ ಬಳಕೆಗೆ ಬಂದಿದ್ದು, 2016ರ ಅದರ ನಾಲ್ಕನೆಯ ಆವೃತ್ತಿಯಲ್ಲಿ 416 ಕುಟುಂಬಗಳಿವೆ. ಇದರಿಂದಾಗಿ ಬೂರುಗ ಇದ್ದ ಬೊಂಬಕೇಸಿಯೂ ಕೋಕೋ ಇದ್ದ ಸ್ಟರ್ಕ್ಯುಲಿಯೇಸಿಯೂ ದಾಸವಾಳದ ಮಾಲ್ವೇಸಿಯೊಳಗೆ ಸೇರಿದವು. ಎಕ್ಕದ ಆಸ್ಕ್ಲಿಪಿಯಡೇಸಿ ಅಪೊಸೈನೇಸಿಯಲ್ಲಿ ಕರಗಿತು. ತೇಗವೂ ಲಕ್ಕಿಯೂ ವರ್ಬಿನೇಸಿಯನ್ನು ಬಿಟ್ಟು ತುಳಸಿಯ ಲೇಮಿಯೇಸಿಗೆ ಬಂದವು. ನೆಲ್ಲಿಯು ಯೂಫೋರ್ಬಿಯೇಸಿಯಿಂದ ಹೊರಬಿದ್ದು ಫಿಲ್ಲಾಂತೇಸಿಗೆ ಹೋಯಿತು. ಕಣ್ಣಿಗೆ ಒಂದೇ ಬಳಗವೆನಿಸುವ ಕಮಲ ಮತ್ತು ನೈದಿಲೆಗಳು ಬಹುದೂರದವೆಂದು ಖಚಿತವಾಗಿದೆ. ಕಮಲದ ಹತ್ತಿರದ ಬಂಧುಗಳಲ್ಲಿ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಒಂದು ಎಂದರೆ ನಂಬುವುದು ಕಷ್ಟ, ಆದರೆ ಎರಡೂ ಪ್ರೋಟಿಯೇಲಿಸ್ ಎಂಬ ಒಂದೇ ಗಣದಲ್ಲಿವೆ (ಗಣವೆಂದರೆ ಹತ್ತಿರದ ಕುಟುಂಬಗಳ ಗುಂಪು).

ಆರಂಭದಲ್ಲಿ ಇದರಿಂದ ಗಾಬರಿಯಾಗಬೇಕಿಲ್ಲ. ನೀವು ಕಲಿಯುತ್ತಿರುವ ದೊಡ್ಡ ಕುಟುಂಬಗಳ ನಡುತಿರುಳು ಅಲುಗಿಲ್ಲ, ಅಂಚಿನ ಗಿಡಗಳು ಮಾತ್ರ ಸ್ಥಳ ಬದಲಿಸಿವೆ. ಸಾಲ್ಡಾನಾ ಮತ್ತು ನಿಕೋಲ್ಸನ್ ಅವರು 1976ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥದಂತಹ ಹಳೆಯ ಕೃತಿಗಳ ವಿವರಣೆಗಳು ಈಗಲೂ ಬೆಲೆಯುಳ್ಳವು. ಕುಟುಂಬದ ಹೆಸರನ್ನಷ್ಟೇ ಈಗಿನ ಪಟ್ಟಿಯೊಂದಿಗೆ ತಾಳೆ ನೋಡಿಕೊಳ್ಳಬೇಕು.

ಆ್ಯಪ್‌ಗಳನ್ನು ನಾನು ದೂರುವುದಿಲ್ಲ, ಬಳಸುವ ಕ್ರಮವನ್ನು ತಿರುಗಿಸಬೇಕಷ್ಟೆ. ಮೊದಲು ಗಿಡದ ಮುಂದೆ ನಿಂತು ನಿಮಗೆ ತೋಚಿದ ಕುಟುಂಬವನ್ನೂ ಅದಕ್ಕೆ ಕಾರಣವನ್ನೂ ಪುಸ್ತಕದಲ್ಲಿ ಬರೆದು, ಆಮೇಲೆ ಆ್ಯಪ್ ತೆರೆಯಿರಿ. ಅದು ಬೇರೆ ಕುಟುಂಬ ಹೇಳಿದರೆ ಪುನಃ ಗಿಡವನ್ನೇ ನೋಡಿ, ಯಾರ ಮಾತು ನಿಲ್ಲುತ್ತದೆಂದು ತೀರ್ಮಾನಿಸಿ. ಗೆಣ್ಣು, ಎಲೆಯ ಕೆಳಮೈ, ಹೂವಿನ ಪಕ್ಕನೋಟ, ಕಾಯಿ, ಇವುಗಳ ಚಿತ್ರವಿಲ್ಲದೆ ಹೂವಿನ ಮುಖವನ್ನಷ್ಟೇ ಕೊಟ್ಟು ಕೇಳುವವರಿಗೆ ಆ್ಯಪ್ ಆಗಲಿ ನಾವಾಗಲಿ ಹೆಚ್ಚೇನೂ ಹೇಳಲಾರೆವು.

---

ಕೆರೆಯಂಗಳ

ಮೂವರಿಗೂ ಧನ್ಯವಾದಗಳು. ದಾಸವಾಳ, ಬೆಂಡೆ, ಹತ್ತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಸೀಳಿ ನೋಡಿದೆ. ಶಾಲೆಯ ಮಕ್ಕಳೂ ಸೇರಿಕೊಂಡರು. ಹತ್ತಿಯ ಹೊರಸುತ್ತನ್ನು ಇಷ್ಟು ವರ್ಷ ನೋಡಿಯೂ ಅದು ಪುಷ್ಪಪಾತ್ರೆಯೆಂದೇ ಅವರ ಪೈಕಿ ರೈತರ ಮಕ್ಕಳೂ ತಿಳಿದಿದ್ದರು.

ಈಗ ಒಂದು ಗಿಡದ ವಿಷಯದಲ್ಲಿ ಸಿಕ್ಕಿಕೊಂಡಿದ್ದೇನೆ. ಕೆರೆಯ ನೀರು ಹಿಂದೆ ಸರಿದ ಜೌಗಿನಲ್ಲಿ ಸೊಂಟದೆತ್ತರ ಬೆಳೆದಿದೆ. ಕಾಂಡ ಸುಮಾರಾಗಿ ಚೌಕಾಕಾರ, ಮೈತುಂಬ ಒರಟು ರೋಮ. ಉದ್ದನೆಯ ಎಲೆಗಳು ಗೆಣ್ಣಿನ ಸುತ್ತ ಬಂದಿವೆ, ಅಲ್ಲೇ ಹಳದಿ ಬಣ್ಣದ ಉದ್ದ ಮುಳ್ಳುಗಳಿವೆ. ನೇರಳೆಮಿಶ್ರಿತ ನೀಲಿ ಹೂಗಳು ಗೆಣ್ಣಿನ ಸುತ್ತ ಗುಂಪಾಗಿ ಕೂತಿವೆ. ಪ್ರತಿಯೊಂದಕ್ಕೂ ಮೇಲೊಂದು, ಕೆಳಗೊಂದು ತುಟಿ. ಚೌಕ ಕಾಂಡ, ಎರಡು ತುಟಿಯ ಹೂವು, ಗೆಣ್ಣಿನ ಸುತ್ತ ಗುಂಪು ಎಂದಮೇಲೆ ಇದು ತುಂಬೆ, ತುಳಸಿಗಳ ಲೇಮಿಯೇಸಿ ಇರಬೇಕೆಂದು ಬರೆದುಕೊಂಡೆ. ಆ್ಯಪ್ ಆಕಾಂತೇಸಿ ಎನ್ನುತ್ತದೆ. ಮೂರು ಗುರುತುಗಳು ಒಂದೇ ಕಡೆಗೆ ಬೆರಳು ಮಾಡುವಾಗ ಆ್ಯಪ್‌ನ ಮಾತನ್ನು ಏಕೆ ಒಪ್ಪಬೇಕು?

---

ಗುಡ್ಡದ ದಾರಿ

ಒಳ್ಳೆಯ ಗಿಡವನ್ನೇ ಹಿಡಿದಿದ್ದೀರಿ. ನಿಮ್ಮ ವಿವರಣೆಯಂತೆ ಇದು ಹೈಗ್ರೋಫಿಲಾ ಆರಿಕ್ಯುಲೇಟಾ, ಆಯುರ್ವೇದದವರು ಕೋಕಿಲಾಕ್ಷ ಎನ್ನುವ ಗಿಡ, ಕುಟುಂಬ ಆಕಾಂತೇಸಿಯೇ. ಆದರೆ ನನ್ನ ಮಾತನ್ನಾಗಲಿ ಆ್ಯಪ್‌ನ ಮಾತನ್ನಾಗಲಿ ಹಾಗೆಯೇ ಒಪ್ಪಬೇಕಾಗಿಲ್ಲ, ಗಿಡವನ್ನೇ ಕೇಳಬಹುದು.

ನೀವು ಪಟ್ಟಿ ಮಾಡಿದ ಮೂರು ಗುರುತುಗಳೂ ಈ ಎರಡು ಕುಟುಂಬಗಳು ಹಂಚಿಕೊಂಡಿರುವಂಥವು. ಎರಡೂ ಲೇಮಿಯೇಲಿಸ್ ಎಂಬ ಒಂದೇ ಗಣದವಾದ್ದರಿಂದ ಅದು ಸಹಜ. ಗುರುತುಗಳ ಸಂಖ್ಯೆ ಮುಖ್ಯವಲ್ಲ, ಆ ಕುಟುಂಬವನ್ನು ಅದರ ನೆರೆಯ ಕುಟುಂಬದಿಂದ ಬೇರ್ಪಡಿಸುವ ಗುರುತು ಅವುಗಳಲ್ಲಿ ಒಂದಾದರೂ ಇರಬೇಕು. ಇಲ್ಲಿ ಅದು ಅಂಡಾಶಯದಲ್ಲಿದೆ. ತುಳಸಿಯ ಒಣಗಿದ ಕದಿರಿನಿಂದ ಒಂದು ಪುಷ್ಪಪಾತ್ರೆಯನ್ನು ಬಿಡಿಸಿ ನೋಡಿ. ತಳದಲ್ಲಿ ಬಿಡಿಬಿಡಿಯಾಗಿ ನಾಲ್ಕು ಪುಟ್ಟ ಕಾಯಿಗಳು ಇರುತ್ತವೆ, ಕೆಲವೊಮ್ಮೆ ಒಂದೆರಡು ಉದುರಿರಬಹುದು. ಎಳೆಯ ಹೂವಿನಲ್ಲಿ ಅಂಡಾಶಯ ನಾಲ್ಕು ಉಬ್ಬುಗಳಾಗಿದ್ದು, ಶಲಾಕೆಯು ಅವುಗಳ ತಲೆಯ ಮೇಲಿಂದ ಏಳದೆ ನಡುವಿನ ತಗ್ಗಿನಿಂದ ಏಳುತ್ತದೆ. ತುಂಬೆಯಲ್ಲೂ ದೊಡ್ಡಪತ್ರೆಯಲ್ಲೂ ಹೀಗೆಯೇ.

ಆಕಾಂತೇಸಿಯಲ್ಲಿ ಅಂಡಾಶಯ ಒಂದೇ ಉಂಡೆ, ಶಲಾಕೆ ಅದರ ತುದಿಯಿಂದ ಏಳುತ್ತದೆ, ಕಾಯಿ ಬಲಿತ ಮೇಲೆ ಎರಡು ಹೋಳಾಗಿ ಸಿಡಿಯುತ್ತದೆ. ನಿಮ್ಮ ಗಿಡದ ಕೆಳಗೆಣ್ಣುಗಳಲ್ಲಿ ಒಣಗಿದ ಕಾಯಿಗಳಿರಬಹುದು. ಮುಳ್ಳಿಗೆ ಕೈ ತಾಗಿಸದೆ ಒಂದನ್ನು ತೆಗೆದು ಬಿಡಿಸಿ. ಒಂದೊಂದು ಬೀಜದ ಕೆಳಗೂ ಒಂದು ಗಟ್ಟಿಯಾದ ಕೊಕ್ಕೆ ಕಾಣಿಸುತ್ತದೆ. ಕಾಯಿ ಸಿಡಿಯುವಾಗ ಬೀಜವನ್ನು ದೂರಕ್ಕೆ ಎಸೆಯುವುದರಲ್ಲಿ ಅದಕ್ಕೆ ಪಾತ್ರವಿದೆ, ಗುರುತಿಸುವವರಿಗೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಇನ್ನೊಂದಿಲ್ಲ. ಹಿತ್ತಲಿನಲ್ಲಿ ಕನಕಾಂಬರವೋ ಆಡುಸೋಗೆಯೋ ಇದ್ದರೆ ಅವುಗಳ ಕಾಯಿಯಲ್ಲೂ ಅದೇ ಕೊಕ್ಕೆಗಳನ್ನು ನೋಡಬಹುದು. ಕನಕಾಂಬರದ ಒಣಕಾಯಿಗೆ ನೀರು ತಾಗಿಸಿದರೆ ಪಟ್ಟೆಂದು ಸಿಡಿಯುತ್ತದೆ, ಇದನ್ನು ಮಕ್ಕಳಿಗೆ ಮಾಡಿಸಿ. ಕೋಕಿಲಾಕ್ಷದ ಬೀಜವನ್ನು ಒದ್ದೆ ಬೆರಳಲ್ಲಿ ಹಿಡಿದರೆ ಲೋಳೆಗಟ್ಟಿಕೊಳ್ಳುತ್ತದೆ.

ವಾಸನೆಯೂ ಸಹಾಯಕ್ಕೆ ಬರುತ್ತದೆ, ಆದರೆ ಅರ್ಧ ಮಾತ್ರ. ಲೇಮಿಯೇಸಿಯ ಗಿಡಗಳಲ್ಲಿ ಹೆಚ್ಚಿನವು ಎಲೆ ಉಜ್ಜಿದರೆ ಘಮ್ಮೆನ್ನುತ್ತವೆ, ಆಕಾಂತೇಸಿಯವು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಆದರೆ ಅದೇ ಗುಡ್ಡದ ಲಂಟಾನಕ್ಕೆ ಚೌಕ ಕಾಂಡ, ಎದುರುಬದುರು ಎಲೆ, ಗಾಢ ವಾಸನೆ ಮೂರೂ ಇದ್ದು ಅದು ವರ್ಬಿನೇಸಿ. ಹೂವಿನಲ್ಲಿ ತುಟಿಗಳ ಭೇದ ಅಷ್ಟಾಗಿ ಇಲ್ಲದಿರುವುದು, ಕಾಯಿ ರಸಭರಿತ ಹಣ್ಣಾಗುವುದು ಅಲ್ಲಿ ದಾರಿ ತೋರಿಸುತ್ತವೆ.

ಈ ಗಣವನ್ನು ಬಿಡುವ ಮುನ್ನ ಹತ್ತಿರದಲ್ಲಿ ಎಳ್ಳಿನ ಹೊಲ ಇದ್ದರೆ ಅದನ್ನೂ ನೋಡಿಬನ್ನಿ. ಕಾಂಡ ಚೌಕ, ಹೂವಿಗೆ ಎರಡು ತುಟಿ, ಆದರೂ ಅದು ಲೇಮಿಯೇಸಿಯೂ ಅಲ್ಲ, ಆಕಾಂತೇಸಿಯೂ ಅಲ್ಲ, ಪೆಡಾಲಿಯೇಸಿ. ಕಾಯಿ ನಾಲ್ಕು ಏಣುಗಳ ಪೆಟ್ಟಿಗೆಯಾಗಿ ಮೇಲಿನಿಂದ ಬಿರಿಯುತ್ತದೆ, ಬೀಜದ ಕೆಳಗೆ ಕೊಕ್ಕೆ ಇರುವುದಿಲ್ಲ. ಹೂತೊಟ್ಟಿನ ಬುಡದಲ್ಲಿ ಮಾತ್ರ ಹಳದಿ ಬಣ್ಣದ ಪುಟ್ಟ ಮಕರಂದ ಗ್ರಂಥಿ ಇರುತ್ತದೆ, ಮಸೂರದಲ್ಲಿ ಅದನ್ನು ಹುಡುಕಿ.